ತಲೆಯ ಗಾಯ ಮಾಸಿದೆ, ಮನುಷ್ಯ ಮೊದಲಿನ ಹಾಗಿಲ್ಲ: ಎರಡೂವರೆ ಲಕ್ಷಕ್ಕೆ ಸಹಿ ಹಾಕಬೇಕಾ?

ಓದುಗರ ಪ್ರಶ್ನೆಗಳಿಗೆ ಹಾಸನದಲ್ಲಿ ಅಪಘಾತ ಪರಿಹಾರದ ಕೇಸು ನಡೆಸುವ ವಕೀಲರ ಉತ್ತರ

ಪ್ರಶ್ನೆ: ನಾವು ಮೂಡಿಗೆರೆ ಕಡೆಯವರು. ನಮ್ಮ ಯಜಮಾನರಿಗೆ 34 ವರ್ಷ. ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಯೊಂದರಲ್ಲಿ ಬೀಜ ಹುರಿಯುವ ಕೆಲಸ, ತಿಂಗಳಿಗೆ 18,000 ರೂಪಾಯಿ ಸಂಬಳ. ನಾಲ್ಕು ತಿಂಗಳ ಹಿಂದೆ ಕೆಲಸ ಮುಗಿಸಿ ಬೈಕಿನಲ್ಲಿ ಬರುವಾಗ ಎದುರಿಂದ ಬಂದ ಗೂಡ್ಸ್ ಗಾಡಿ ಗುದ್ದಿತು. ಹೆಲ್ಮೆಟ್ ಹಾಕಿರಲಿಲ್ಲ. ಹಣೆಯ ಹಿಂದೆ ರಕ್ತ ಹೆಪ್ಪುಗಟ್ಟಿ ಆಪರೇಷನ್ ಆಯಿತು. ಈಗ ಓಡಾಡುತ್ತಾರೆ, ಮಾತಾಡುತ್ತಾರೆ. ನೋಡಿದವರೆಲ್ಲ ‘ಆರಾಮಾಗಿದಾರಲ್ಲ’ ಅಂತಾರೆ. ಆದರೆ ಸಿಟ್ಟು ಜಾಸ್ತಿ, ಮರೆವು ಜಾಸ್ತಿ, ವಾಸನೆ ಗೊತ್ತಾಗೋದೇ ಇಲ್ಲ. ಎರಡು ಸಲ ಬೀಜ ಸೀದುಹೋಗಿ, ಮಾಲೀಕರು ‘ಸ್ವಲ್ಪ ದಿನ ರೆಸ್ಟ್ ತಗೊಳ್ಳಿ’ ಎಂದು ಮನೆಗೆ ಕಳಿಸಿದ್ದಾರೆ. ಇನ್ಶೂರೆನ್ಸ್ ಕಡೆಯವರು ಎರಡೂವರೆ ಲಕ್ಷ ಕೊಡುತ್ತೇವೆ, ಸಹಿ ಹಾಕಿ ಅಂತಿದ್ದಾರೆ. ಸಂಘದ ಸಾಲದ ಕಂತು ನಿಂತಿದೆ. ಹಾಕಿಬಿಡೋಣವಾ?

ಉತ್ತರ: ತಂಗಿ, ಸದ್ಯಕ್ಕೆ ಸಹಿ ಹಾಕಬೇಡಿ. ಮನೆಯ ಕಷ್ಟ ಗೊತ್ತಾಗುತ್ತದೆ. ಆದರೂ ಹಾಕಬೇಡಿ.

ಈ ಎರಡೂವರೆ ಲಕ್ಷದ ಲೆಕ್ಕ ಎಲ್ಲಿಂದ ಬಂದಿರಬಹುದು ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ ಕಲಂ 164ರಲ್ಲಿ, ತಪ್ಪು ಯಾರದು ಅಂತ ಕೇಳದೆ ಕೊಡುವ ಪರಿಹಾರವೊಂದಿದೆ. ಸಾವಾದರೆ 5 ಲಕ್ಷ, ತೀವ್ರ ಗಾಯವಾದರೆ 2.5 ಲಕ್ಷ. ಬೇಗ ಸಿಗುತ್ತದೆ, ನಿಜ. ಆದರೆ ಅದನ್ನು ಒಪ್ಪಿಕೊಂಡರೆ ಕಲಂ 166ರ ಕೆಳಗೆ ಹಾಕುವ ಪೂರ್ತಿ ಪರಿಹಾರದ ಅರ್ಜಿ ಅಲ್ಲಿಗೇ ಮುಗಿದುಹೋಗುತ್ತದೆ. ಹಾಗಂತ ಕಾಯ್ದೆಯಲ್ಲೇ ಬರೆದಿದೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೂ ಅಷ್ಟೇ, ಅದರ ಮೇಲೆ ಅಪೀಲು ಇಲ್ಲ. ಕಾಲು ಮುರಿದಿದ್ದರೆ ಆರು ತಿಂಗಳಲ್ಲಿ ಎಷ್ಟು ಕೂಡಿತು, ಎಷ್ಟು ಕೂಡಲಿಲ್ಲ ಅಂತ ಎಕ್ಸ್‌ರೇ ಹೇಳುತ್ತದೆ. ಮಿದುಳಿನ ಪೆಟ್ಟು ಹಾಗಲ್ಲ. ಒಂದೆರಡು ವರ್ಷದವರೆಗೂ ಬದಲಾಗುತ್ತಾ ಇರುತ್ತದೆ. ಫಿಟ್ಸ್ ತಡವಾಗಿಯೂ ಬರಬಹುದು. ನಾಲ್ಕನೇ ತಿಂಗಳಿನಲ್ಲಿ ರಾಜಿ ಮಾಡಿಕೊಳ್ಳೋದು ಅಂದರೆ, ಹೂ ಬಿಡುವ ಮೊದಲೇ ತೋಟದ ಫಸಲು ಮಾರಿದ ಹಾಗೆ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ವಾಸನೆಯ ವಿಷಯ. ನೀವು ಅದನ್ನು ಕೊನೆಯಲ್ಲಿ ಬರೆದಿದ್ದೀರಿ. ನಿಮ್ಮ ಕೇಸಿನಲ್ಲಿ ಅದು ಮೊದಲು ಬರಬೇಕು. ಮೂಗಿನ ಮೇಲ್ಭಾಗದಲ್ಲಿ ಜರಡಿಯಂಥ ತೆಳು ಎಲುಬಿದೆ. ವಾಸನೆಯ ನರಗಳು ಅದರ ಸಣ್ಣ ತೂತುಗಳಲ್ಲಿ ಹಾದು ಮಿದುಳಿಗೆ ಹೋಗುತ್ತವೆ. ತಲೆಗೆ ಜೋರು ಪೆಟ್ಟು ಬಿದ್ದಾಗ ಮಿದುಳು ಅಲುಗಾಡಿ ಆ ನರಗಳು ಕಿತ್ತುಹೋಗಬಹುದು. ಹಣೆಯ ಹಿಂದಿನ ಭಾಗಕ್ಕೆ ಏಟಾದವರಲ್ಲಿ ಸಿಟ್ಟು, ಮರೆವು, ಮುಂದಿನದು ಯೋಚಿಸಲಾಗದೆ ಒದ್ದಾಡೋದು, ಜೊತೆಗೆ ವಾಸನೆ ಹೋಗೋದು, ಇವೆಲ್ಲ ಒಟ್ಟಿಗೇ ಕಾಣಿಸಿಕೊಳ್ಳುವುದುಂಟು. ಹಾಗಾಗಿ ಅವರು ಬೇಕಂತ ಕೂಗಾಡುತ್ತಿಲ್ಲ. ಇದು ನಿಮಗೂ ಮಕ್ಕಳಿಗೂ ಗೊತ್ತಿರಲಿ.

ಗುಮಾಸ್ತನ ಕೆಲಸದವರಿಗೆ ವಾಸನೆ ಹೋದರೆ ಊಟ ರುಚಿಸಲ್ಲ, ಕೆಲಸ ಮಾತ್ರ ನಡೆಯುತ್ತದೆ. ಬೀಜ ಹುರಿಯುವವರಿಗೆ ಗಡಿಯಾರಕ್ಕಿಂತ ಮೂಗು ಮುಖ್ಯ. ಬಣ್ಣ ತಿರುಗಿ, ಚಟಪಟ ಸದ್ದು ಬಂದು, ಆ ಒಂದು ಪರಿಮಳ ಎದ್ದ ಕ್ಷಣಕ್ಕೆ ಇಳಿಸಬೇಕು. ಅರ್ಧ ನಿಮಿಷ ತಡವಾದರೆ ಕಹಿ. ನಿಮ್ಮವರ ಕೈಯಲ್ಲಿ ಬೀಜ ಸೀದಿದ್ದು ಸೋಮಾರಿತನದಿಂದಲ್ಲ, ಅವರ ಕಸುಬಿನ ಸಲಕರಣೆಯೇ ಹೋಗಿದೆ.

ಕೋರ್ಟು ನೋಡಬೇಕಾದ್ದೂ ಇದನ್ನೇ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಉದಾಹರಣೆ ಕೊಟ್ಟಿದೆ. ಎಡಗೈ ಕಳೆದುಕೊಂಡವರ ಅಂಗವೈಕಲ್ಯ ಕಾಗದದ ಮೇಲೆ ಶೇ 60 ಇರಬಹುದು. ಅವರು ಡ್ರೈವರ್ ಅಥವಾ ಬಡಗಿ ಆಗಿದ್ದರೆ ದುಡಿಮೆಯ ನಷ್ಟ ಹೆಚ್ಚುಕಮ್ಮಿ ನೂರಕ್ಕೆ ನೂರು. ಸರ್ಕಾರಿ ಗುಮಾಸ್ತರಾಗಿದ್ದರೆ ನೌಕರಿ ಹೋಗದೇ ಇರಬಹುದು. ಡಾಕ್ಟರು ಬರೆದ ಪರ್ಸೆಂಟೇಜ್ ಬೇರೆ, ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನೋದು ಬೇರೆ.

ಲೆಕ್ಕ ಹೇಗೆ ಅಂದರೆ, 18,000 ಸಂಬಳ. 40 ವರ್ಷದ ಒಳಗಿನವರಾದ್ದರಿಂದ ಮುಂದಿನ ಏಳಿಗೆಗೆಂದು ಶೇ 40 ಸೇರಿಸಿದರೆ 25,200 ಆಗುತ್ತದೆ, ವರ್ಷಕ್ಕೆ 3,02,400. ಈ ವರ್ಷದ ಮೊತ್ತವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ, 34 ವರ್ಷಕ್ಕೆ ಅದು 16. ದುಡಿಮೆಯ ನಷ್ಟ ಶೇ 20 ಎಂದು ಕೋರ್ಟು ಹಿಡಿದರೆ ಈ ಒಂದು ಬಾಬ್ತಿಗೆ 9,67,680 ರೂಪಾಯಿ. ಶೇ 60 ಹಿಡಿದರೆ 29,03,040. ಆಸ್ಪತ್ರೆ ಖರ್ಚು, ನೋವು, ಮುಂದಿನ ಚಿಕಿತ್ಸೆ ಬೇರೆ. ಬಡ್ಡಿಯೂ ಬೇರೆ. ಇಷ್ಟೇ ಬರುತ್ತದೆ ಅಂತ ನಾನು ಮಾತು ಕೊಡುತ್ತಿಲ್ಲ. ಸಾಕ್ಷ್ಯ ಹೇಗಿದೆಯೋ ಹಾಗೆ. ಆದರೆ ಎರಡೂವರೆ ಲಕ್ಷವನ್ನು ಇದರ ಪಕ್ಕ ಇಟ್ಟು ನೋಡಿ.

ಹಾಗಾದರೆ ಸಾಕ್ಷ್ಯ ಎಲ್ಲಿಂದ ತರೋದು? ಕೆಲವು ವರ್ಷದ ಹಿಂದೆ ಆಲೂರು ಕಡೆಯ ಒಬ್ಬ ಹೆಣ್ಣುಮಗಳು ನನ್ನ ಆಫೀಸಿಗೆ ಬಂದಿದ್ದರು. ತಲೆಗೆ ಪೆಟ್ಟು ಬಿದ್ದಿದ್ದ ಅವರ ಗಂಡ ಕಟಕಟೆಯಲ್ಲಿ ನಿಂತು ಹೆಸರು, ಊರು, ಮಕ್ಕಳ ಹೆಸರು ಎಲ್ಲ ಸರಿಯಾಗಿ ಹೇಳಿದರು. ‘ನೋಡಿ ಸ್ವಾಮಿ, ಚೆನ್ನಾಗಿದಾರೆ’ ಅಂದರು ಎದುರಿನ ವಕೀಲರು. ಆಗ ಈಕೆ ಬ್ಯಾಗಿನಿಂದ ಹಾಲಿನ ಲೆಕ್ಕದ ಪುಸ್ತಕ ತೆಗೆದರು. ಮುಂದಿನ ಹಾಳೆಗಳಲ್ಲಿ ಡೈರಿಗೆ ಹಾಕಿದ ಲೀಟರುಗಳು. ಹಿಂದಿನ ಹಾಳೆಗಳಲ್ಲಿ ಪೆನ್ಸಿಲಿನಲ್ಲಿ, ತಾರೀಕು ಹಾಕಿ ಬರೆದಿದ್ದರು: ‘ಡೈರಿಗೆ ಹೋದರು, ಕ್ಯಾನು ಅಲ್ಲೇ ಬಿಟ್ಟು ಬಂದರು.’ ‘ಒಲೆ ಮೇಲೆ ಹಾಲು ಸೀದರೂ ಪಕ್ಕದಲ್ಲೇ ಸುಮ್ನೆ ಕೂತಿದ್ದರು.’ ‘ಮಗಳು ನಕ್ಕಿದ್ದಕ್ಕೆ ತಟ್ಟೆ ಎಸೆದರು, ಆಮೇಲೆ ಅತ್ತರು.’ ಹನ್ನೊಂದು ತಿಂಗಳು ಹೀಗೆ ಬರೆದಿದ್ದರು. ಯಾರೂ ಹೇಳಿಕೊಟ್ಟಿರಲಿಲ್ಲ. ಸಾಕ್ಷಿ ಹೇಳುವಾಗ ಆಕೆ ಒಂದೇ ಒಂದು ತಾರೀಕಿಗೂ ತಡವರಿಸಲಿಲ್ಲ.

ನೀವೂ ಇವತ್ತೇ ಶುರುಮಾಡಿ. ದೊಡ್ಡ ಮಾತು ಬೇಡ. ಏನಾಯಿತು, ಎಷ್ಟು ಗಂಟೆಗೆ, ಯಾರು ನೋಡಿದರು, ಅಷ್ಟು ಸಾಕು. ಅಂಗಡಿ ಮಾಲೀಕರಿಂದ ಒಂದು ಪತ್ರ ತಗೊಳ್ಳಿ: ಎಷ್ಟು ವರ್ಷದಿಂದ ಕೆಲಸ, ಸಂಬಳ ಎಷ್ಟು, ಯಾವಾಗಿನಿಂದ, ಯಾಕೆ ಕೆಲಸ ನಿಂತಿದೆ. ಸಂಬಳ ಬ್ಯಾಂಕಿಗೆ ಬರುತ್ತಿದ್ದರೆ ಪಾಸ್‌ಬುಕ್ ಇಟ್ಟುಕೊಳ್ಳಿ.

ಆಸ್ಪತ್ರೆಯಿಂದ ವೂಂಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮರಿ, ಸಿ.ಟಿ. ಸ್ಕ್ಯಾನ್ ಫಿಲಂ ಬೇಕು. ಮೊದಲ ದಿನದ ಚೀಟಿಯಲ್ಲಿ ಜಿಸಿಎಸ್ ಅಂತ ಒಂದು ಸಂಖ್ಯೆ ಇರುತ್ತದೆ. ಪ್ರಜ್ಞೆಯ ಮಟ್ಟಕ್ಕೆ 3ರಿಂದ 15ರವರೆಗೆ ಕೊಡುವ ಅಂಕ ಅದು. 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಪೆಟ್ಟು. ಆ ಹಾಳೆ ಕಳೆಯಬೇಡಿ. ಪೊಲೀಸ್ ಠಾಣೆಯಿಂದ ಎಫ್‌ಐಆರ್, ಮಹಜರು, ಚಾರ್ಜ್‌ಶೀಟ್ ನಕಲು ತರಿಸಬೇಕು. ಅದನ್ನು ನಿಮ್ಮ ವಕೀಲರು ನೋಡಿಕೊಳ್ಳುತ್ತಾರೆ.

ಇನ್ನೊಂದು ಪರೀಕ್ಷೆ ಇದೆ, ತುಂಬಾ ಜನ ಇದನ್ನು ಮಾಡಿಸೋದೇ ಇಲ್ಲ. ನ್ಯೂರೋಸೈಕಾಲಜಿ ಪರೀಕ್ಷೆ. ನೆನಪು, ಗಮನ, ಯೋಜನೆ ಮಾಡುವ ಶಕ್ತಿ, ಒಂದೊಂದನ್ನೂ ಕೂರಿಸಿಕೊಂಡು ಗಂಟೆಗಟ್ಟಲೆ ಅಳೆಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆಗುತ್ತದೆ. ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಚೀಟಿ ಬರೆಸಿಕೊಂಡು ಹೋಗಿ. ವಾಸನೆಗೆ ಇಎನ್‌ಟಿ ಡಾಕ್ಟರಿಂದ ಪರೀಕ್ಷೆ ಮಾಡಿಸಿ ರಿಪೋರ್ಟ್ ತಗೊಳ್ಳಿ. ಚಿಕಿತ್ಸೆ ಕೊಟ್ಟ ಡಾಕ್ಟರೇ ಬಂದು ಸಾಕ್ಷಿ ಹೇಳಿದರೆ ಅದರ ತೂಕ ಬೇರೆ. ಎಂದೂ ನೋಡದ ಡಾಕ್ಟರ ಕೈಲಿ ದುಡ್ಡು ಕೊಟ್ಟು ಬರೆಸಿದ ಸರ್ಟಿಫಿಕೇಟು ಕೋರ್ಟಿನಲ್ಲಿ ನಿಲ್ಲೋದು ಕಷ್ಟ.

ಹೆಲ್ಮೆಟ್ ವಿಷಯ ಮುಚ್ಚಿಡಬೇಡಿ. ಕಾನೂನು ಮುರಿದಿದ್ದಾರೆ ಅನ್ನೋದೊಂದರಿಂದಲೇ ಪರಿಹಾರ ಕಡಿತ ಮಾಡುವಂತಿಲ್ಲ, ಆ ತಪ್ಪಿಗೂ ಅಪಘಾತಕ್ಕೂ ಅಥವಾ ಗಾಯಕ್ಕೂ ನಂಟಿರಬೇಕು ಎಂದು ಒಂದೇ ಬೈಕಿನಲ್ಲಿ ಮೂವರು ಹೋಗಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಆದರೆ ನಿಮ್ಮದು ತಲೆಯ ಪೆಟ್ಟು. ನಂಟು ಇದೆ ಅಂತ ಕಂಪನಿಯವರು ವಾದಿಸಿಯೇ ವಾದಿಸುತ್ತಾರೆ. ಒಂದು ಪಾಲು ಕಡಿತವಾಗಬಹುದು. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ, ಸುಳ್ಳು ಮಾತ್ರ ಹೇಳಬೇಡಿ. ಒಂದು ಸುಳ್ಳು ಸಿಕ್ಕಿಬಿದ್ದರೆ ನಿಮ್ಮ ಪುಸ್ತಕದ ನಿಜವನ್ನೂ ಯಾರೂ ನಂಬಲ್ಲ.

ಗಡುವು: 2022ರ ಏಪ್ರಿಲ್ 1ರಿಂದ, ಅಪಘಾತವಾದ ಆರು ತಿಂಗಳ ಒಳಗೆ ಅರ್ಜಿ ಹಾಕಬೇಕೆಂಬ ನಿಯಮ ಮತ್ತೆ ಬಂದಿದೆ. ಇದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ, ಅದನ್ನು ನಂಬಿ ಕೂರಬೇಡಿ. ನಿಮಗೆ ಉಳಿದಿರೋದು ಎರಡು ತಿಂಗಳು. ಅರ್ಜಿ ಈಗ ಹಾಕಿ, ಮೇಲೆ ಹೇಳಿದ ರಿಪೋರ್ಟುಗಳು ಆಮೇಲೆ ಸಾಕ್ಷ್ಯದ ಹೊತ್ತಿಗೆ ಬರಲಿ. ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ಜಾಗದ ಅಪಘಾತ ಪರಿಹಾರದ ನ್ಯಾಯಮಂಡಳಿಯಲ್ಲೂ ಹಾಕಬಹುದು. ಯಜಮಾನರೇ ಸಹಿ ಹಾಕುವ ಸ್ಥಿತಿಯಲ್ಲಿದ್ದರೆ ಅವರೇ ಹಾಕಲಿ. ವ್ಯವಹಾರ ತಿಳಿಯದಷ್ಟು ಆಗಿದ್ದರೆ ಡಾಕ್ಟರ ಪತ್ರದ ಮೇಲೆ ಅವರ ಪರವಾಗಿ ನೀವು ಹಾಕಬಹುದು.

ಆಸ್ಪತ್ರೆ ಗೇಟಿನಲ್ಲಿ ‘ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ’ ಅನ್ನುವವರು ಸಿಗುತ್ತಾರೆ. ವಕೀಲರು ಹಾಗೆ ಪಾಲು ಕೇಳುವಂತಿಲ್ಲ, ಬಾರ್ ಕೌನ್ಸಿಲ್ ನಿಯಮ ಅದು. ಫೀಸಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ, ಅಂಗವೈಕಲ್ಯ ಇರುವವರಿಗೆ ವರಮಾನ ಎಷ್ಟೇ ಇರಲಿ ಅಲ್ಲಿ ಉಚಿತ ವಕೀಲರ ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಪ್ರಶ್ನೆ: ಅರಸೀಕೆರೆಯಿಂದ ಬರೆಯುತ್ತಿದ್ದೇನೆ. ಅಪ್ಪನಿಗೆ 68. ಟಿವಿಎಸ್‌ನಲ್ಲಿ ಹೋಗುವಾಗ ಕಾರೊಂದು ತಾಗಿಸಿಕೊಂಡು ನಿಲ್ಲಿಸದೆ ಹೋಯಿತು. ತರಚು ಗಾಯ ಅಂತ ಮನೆಯಲ್ಲೇ ಇದ್ದರು. ಮೂರು ವಾರದ ಮೇಲೆ ಮಾತು ತೊದಲಿ, ಸ್ಕ್ಯಾನ್ ಮಾಡಿಸಿದರೆ ತಲೆಯಲ್ಲಿ ರಕ್ತ ನಿಂತಿತ್ತು. ಆಪರೇಷನ್ ಆಗಿದೆ. ಕಾರಿನ ನಂಬರ್ ಇಲ್ಲ, ಪೊಲೀಸ್ ಕಂಪ್ಲೇಂಟ್ ಕೊಟ್ಟಿಲ್ಲ. ಏನಾದರೂ ಸಿಗುತ್ತದಾ?

ಉತ್ತರ: ವಯಸ್ಸಾದವರಲ್ಲಿ ಹೀಗಾಗುತ್ತದೆ. ಮಿದುಳಿನ ಮೇಲ್ಪದರದಲ್ಲಿ ರಕ್ತ ನಿಧಾನವಾಗಿ ಜಿನುಗಿ, ವಾರಗಳ ಮೇಲೆ ಒತ್ತಡ ಗೊತ್ತಾಗುತ್ತದೆ. ಹಾಗಾಗಿ ‘ಮೂರು ವಾರ ಚೆನ್ನಾಗಿದ್ದರಲ್ಲ’ ಅನ್ನುವ ಮಾತಿಗೆ ಹೆದರಬೇಡಿ. ಇದು ಹಳೆಯ ಪೆಟ್ಟಿನಿಂದಲೇ ಆದದ್ದು ಅಂತ ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

ಕಂಪ್ಲೇಂಟ್ ನಾಳೆಯೇ ಕೊಡಿ. ತಡ ಯಾಕಾಯಿತು ಅನ್ನೋದನ್ನು ಅದರಲ್ಲೇ ಬರೆಯಿರಿ. ರಸ್ತೆ ಬದಿಯ ಅಂಗಡಿ, ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಏನಾದರೂ ಉಳಿದಿದೆಯಾ ಅಂತ ಇವತ್ತೇ ಹೋಗಿ ವಿಚಾರಿಸಿ. ನಂಬರ್ ಸಿಕ್ಕರೆ ಮೇಲೆ ಹೇಳಿದ ದಾರಿಯೇ ನಿಮಗೂ. ಸಿಗದಿದ್ದರೆ ಗುದ್ದಿ ಪರಾರಿಯಾದ ಪ್ರಕರಣಗಳ 2022ರ ಯೋಜನೆಯಲ್ಲಿ ತೀವ್ರ ಗಾಯಕ್ಕೆ 50,000 ರೂಪಾಯಿ ಇದೆ. ಸಾವಾದರೆ 2 ಲಕ್ಷ. ಆಪರೇಷನ್ ಖರ್ಚಿನ ಮುಂದೆ ಇದು ಏನೂ ಅಲ್ಲ, ನನಗೂ ಬೇಜಾರಿದೆ. ಆದರೂ ಬಿಡಬೇಡಿ. ಎಫ್‌ಐಆರ್ ನಕಲು, ಆಸ್ಪತ್ರೆ ಕಾಗದ, ಅಪ್ಪನ ಬ್ಯಾಂಕ್ ಪಾಸ್‌ಬುಕ್ ಹಿಡಿದು ತಾಲ್ಲೂಕು ಕಚೇರಿಗೆ ಹೋಗಿ, ಹಿಟ್ ಅಂಡ್ ರನ್ ಪರಿಹಾರದ ಅರ್ಜಿ ಯಾರ ಹತ್ತಿರ ಕೊಡಬೇಕು ಅಂತ ಕೇಳಿ. ಕೊಟ್ಟ ಮೇಲೆ ಸ್ವೀಕೃತಿ ಚೀಟಿ ತಗೊಳ್ಳದೆ ಬರಬೇಡಿ.