ಓದುಗರ ಪ್ರಶ್ನೆ: ಮೂಳೆ ಸವೆತ, ಮಾತ್ರೆ ಮತ್ತು ಹೊತ್ತು

ಪ್ರಶ್ನೆ: ನನಗೆ 56 ವರ್ಷ. ಮುಟ್ಟು ನಿಂತು ಆರು ವರ್ಷವಾಯಿತು. ಉಚಿತ ಶಿಬಿರವೊಂದರಲ್ಲಿ ಹಿಮ್ಮಡಿಯನ್ನು ಯಂತ್ರದೊಳಗೆ ಇಡಿಸಿ, ಮೈನಸ್ 2.7 ಬಂದಿದೆ, ಮೂಳೆ ಸವೆದಿದೆ ಎಂದರು. ಕ್ಯಾಲ್ಸಿಯಂ 500 ಮಾತ್ರೆ ದಿನಕ್ಕೆರಡು ಬರೆದುಕೊಟ್ಟರು. ಬೆಳಗಿನದನ್ನು ಥೈರಾಯ್ಡ್ ಮಾತ್ರೆಯ ಜೊತೆಗೇ ನುಂಗುತ್ತೇನೆ. ಸರಿಯೇ?
– ಓದುಗರು, ತುಮಕೂರು

ಉತ್ತರ: ಮೊದಲು ಆ ಜೊತೆಯನ್ನು ಬಿಡಿಸಿ. ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆಗೆ ಅಂಟಿಕೊಂಡು ಅದು ರಕ್ತ ಸೇರದಂತೆ ಮಾಡುತ್ತದೆ. ಎರಡರ ನಡುವೆ ನಾಲ್ಕು ಗಂಟೆ ಅಂತರ ಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ, ಮಧ್ಯಾಹ್ನದ ಊಟದ ಜೊತೆ ಕ್ಯಾಲ್ಸಿಯಂ ಎಂದಿಟ್ಟುಕೊಳ್ಳಿ. ಕ್ಯಾಲ್ಸಿಯಂ ಕಾರ್ಬೋನೇಟ್ ಕರಗಲು ಜಠರದ ಆಮ್ಲ ಬೇಕು, ಅದಕ್ಕೇ ಊಟದ ಜೊತೆ. ಗ್ಯಾಸ್ಟ್ರಿಕ್ ಮಾತ್ರೆಯನ್ನು ದಿನವೂ ತಿನ್ನುವವರಿಗೆ ಕ್ಯಾಲ್ಸಿಯಂ ಸಿಟ್ರೇಟ್ ವಾಸಿ.

ಎರಡು ಮಾತ್ರೆ ಬೇಕೇ ಎಂಬುದು ನಿಮ್ಮ ತಟ್ಟೆಯ ಮೇಲೆ ನಿಂತಿದೆ. ಮುಟ್ಟು ನಿಂತವರಿಗೆ ದಿನಕ್ಕೆ ಸುಮಾರು 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಸುಮಾರು 350, ಹಾಲು–ಮೊಸರು ಸೇರಿ 400 ಮಿಲಿಲೀಟರಿನಲ್ಲಿ 480ರಷ್ಟು ಇರುತ್ತದೆ. ಕಾಳು, ನುಗ್ಗೆಸೊಪ್ಪು, ಎಳ್ಳಿನ ಚಟ್ನಿಪುಡಿ ಇದ್ದರೆ ಇನ್ನಷ್ಟು. ಪಾಲಕ್ ಸೊಪ್ಪನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಬಿಟ್ಟುಕೊಡುವುದಿಲ್ಲ. ಹೀಗೆ ಉಣ್ಣುವವರಿಗೆ ಸಾಮಾನ್ಯವಾಗಿ ಒಂದೇ ಮಾತ್ರೆ ಸಾಕು. ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರು ವೈದ್ಯರನ್ನು ಕೇಳದೆ ಅದನ್ನೂ ಮುಟ್ಟಬಾರದು.

ಇನ್ನು ಆ ಮೈನಸ್ 2.7. ಇದು ನಿಮ್ಮ ಮೂಳೆಯನ್ನು ಆರೋಗ್ಯವಂತ ಯುವತಿಯರ ಮೂಳೆಗೆ ಹೋಲಿಸಿದ ಅಂಕಿ. ಮೂಳೆ ಸವೆತ ಎನ್ನಲು ಮೈನಸ್ 2.5ರ ಗಡಿ ಹಾಕಿರುವುದು ಸೊಂಟ ಮತ್ತು ಬೆನ್ನುಮೂಳೆಯ ಡೆಕ್ಸಾ ಸ್ಕ್ಯಾನ್‌ಗೆ, ಅಂದರೆ ಎಕ್ಸ್-ರೇಯಿಂದ ಮೂಳೆಯ ಸಾಂದ್ರತೆ ಅಳೆಯುವ ಪರೀಕ್ಷೆಗೆ. ಹಿಮ್ಮಡಿಯ ಅಲ್ಟ್ರಾಸೌಂಡಿನ ಅಂಕಿಗೆ ಅದೇ ಗಡಿ ಹೊಂದುವುದಿಲ್ಲ. ಹಾಗೆಂದು ಕಡೆಗಣಿಸಬೇಡಿ, ಡೆಕ್ಸಾ ಮಾಡಿಸಿ. ಅದರಲ್ಲಿ ಮೈನಸ್ 1ರಿಂದ ಮೈನಸ್ 2.5ರ ನಡುವೆ ಬಂದರೆ ಮೂಳೆಯ ಸಾಂದ್ರತೆ ಕಡಿಮೆ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಾದರೆ ಮೂಳೆ ಸವೆತ (ಆಸ್ಟಿಯೋಪೊರೋಸಿಸ್). ಆಗ ಕ್ಯಾಲ್ಸಿಯಂ ಒಂದರಿಂದಲೇ ಕೆಲಸ ಆಗದು, ಬೇರೆ ಔಷಧ ಬೇಕಾಗುತ್ತದೆ. ವಿಟಮಿನ್ ಡಿ 60,000 ಯೂನಿಟ್ ಕೊಟ್ಟರೆ ಸಾಮಾನ್ಯವಾಗಿ ಅದು ವಾರಕ್ಕೊಂದು. ದಿನಕ್ಕೊಂದರಂತೆ ತಿಂಗಳುಗಟ್ಟಲೆ ನುಂಗಿ ವಾಂತಿ, ಮಲಬದ್ಧತೆಯಿಂದ ಆಸ್ಪತ್ರೆ ಸೇರಿದವರೂ ಇದ್ದಾರೆ.

ಪ್ರಶ್ನೆ: ಅಮ್ಮನಿಗೆ 74. ನಿಂತಲ್ಲೇ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ಮೂಳೆ ಸವೆತ ತಡೆಯಲು ವಾರಕ್ಕೊಂದು ಅಲೆಂಡ್ರೊನೇಟ್ 70 ಮಾತ್ರೆ ಕೊಟ್ಟಿದ್ದಾರೆ. ನುಂಗಿದ ದಿನವೆಲ್ಲ ಎದೆ ಉರಿ ಅನ್ನುತ್ತಾರೆ. ನಿಲ್ಲಿಸಲೇ?
– ಓದುಗರು, ಶಿರಸಿ

ಉತ್ತರ: ನುಂಗುವ ರೀತಿಯನ್ನು ಮೊದಲು ನೋಡಿ. ಈ ಮಾತ್ರೆ ಅನ್ನನಾಳದಲ್ಲಿ ನಿಂತರೆ ಅಲ್ಲಿ ಹುಣ್ಣಾಗುತ್ತದೆ. ಬೆಳಿಗ್ಗೆ ಎದ್ದೊಡನೆ, ಕಾಫಿಗೂ ಮೊದಲು, ಒಂದು ದೊಡ್ಡ ಲೋಟ ಬರಿ ನೀರಿನ ಜೊತೆ ಇಡಿಯಾಗಿ ನುಂಗಲಿ. ಆಮೇಲೆ ಅರ್ಧ ಗಂಟೆ ಏನೂ ತಿನ್ನದೆ, ಕುಡಿಯದೆ ನೇರ ಕುಳಿತಿರಲಿ, ಇಲ್ಲವೇ ಓಡಾಡಲಿ. ಮಲಗಕೂಡದು. ಹಾಲು, ಕಾಫಿಯ ಜೊತೆ ತೆಗೆದುಕೊಂಡರೆ ಮಾತ್ರೆ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಇಷ್ಟಾದರೂ ಉರಿ ನಿಲ್ಲದಿದ್ದರೆ, ನುಂಗುವಾಗ ನೋವಾದರೆ ಮಾತ್ರೆ ನಿಲ್ಲಿಸಿ ವೈದ್ಯರಿಗೆ ಹೇಳಿ. ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ ಔಷಧವಿದೆ. ಆರು ತಿಂಗಳಿಗೊಮ್ಮೆಯ ಡೆನೊಸುಮಾಬ್ ಚುಚ್ಚುಮದ್ದೂ ಇದೆ. ಆದರೆ ಅದನ್ನು ಶುರುಮಾಡಿ ಮಧ್ಯೆ ಕೈಬಿಟ್ಟರೆ ಮೂಳೆ ವೇಗವಾಗಿ ಸವೆದು ಬೆನ್ನುಮೂಳೆ ಕುಸಿಯುವ ಅಪಾಯ ಉಂಟು. ಹಲ್ಲು ಕೀಳಿಸುವುದಿದ್ದರೆ ಈ ಔಷಧಗಳನ್ನು ಶುರುಮಾಡುವ ಮೊದಲೇ ಮುಗಿಸಿಕೊಳ್ಳಿ.

ಪ್ರಶ್ನೆ: ದಿನಾ ವಾಕಿಂಗ್ ಮಾಡಿದರೆ ಸಾಲದೇ?
– ಓದುಗರು, ದಾವಣಗೆರೆ

ಉತ್ತರ: ಒಳ್ಳೆಯದೇ, ಆದರೆ ಸಾಲದು. ಸ್ನಾಯುವಿಗೂ ಭಾರ ಬೀಳಬೇಕು. ಅಡುಗೆಕಟ್ಟೆ ಹಿಡಿದು ತುದಿಗಾಲಲ್ಲಿ ಎದ್ದಿಳಿಯುವುದು ಹತ್ತು ಸಲ, ಕೈ ಊರದೆ ಕುರ್ಚಿಯಿಂದ ಏಳುವುದು ಹತ್ತು ಸಲ, ದಿನಕ್ಕೆರಡು ಸುತ್ತು. ಬೆನ್ನುಮೂಳೆ ಈಗಾಗಲೇ ಸವೆದಿದ್ದರೆ ಪಶ್ಚಿಮೋತ್ತಾನಾಸನದಂತೆ ಮುಂದಕ್ಕೆ ಬಾಗುವ ಆಸನಗಳನ್ನು ಬಿಡಿ.