‘ಎಷ್ಟು ಹೊಲಿಗೆ ಹಾಕಲು ಬಿಡುತ್ತೀರಿ?’: ತುರ್ತು ವಿಭಾಗದ ಎಲೆಕ್ಟಿವ್ ಕುರಿತ ಪ್ರಶ್ನೆಗಳಿಗೆ ಉತ್ತರ

ಎಂಬಿಬಿಎಸ್ ಮೂರನೇ ಹಂತದ ಮೊದಲ ಭಾಗದ ಪರೀಕ್ಷೆ ಮುಗಿಯುತ್ತಿದ್ದಂತೆ ನನಗೆ ಬರುವ ಪತ್ರಗಳು ಹೆಚ್ಚಾಗುತ್ತವೆ. ಬರೆಯುವವರು ವಿದ್ಯಾರ್ಥಿಗಳು, ಅವರಿಗಿಂತ ಹೆಚ್ಚಾಗಿ ಅವರ ತಂದೆತಾಯಿ. ಬೆಂಗಳೂರಿನ ತುರ್ತು ಚಿಕಿತ್ಸಾ ವಿಭಾಗದಲ್ಲಿ ಎಲೆಕ್ಟಿವ್ (ವಿದ್ಯಾರ್ಥಿ ತಾನೇ ಆರಿಸಿಕೊಂಡ ವಿಭಾಗದಲ್ಲಿ ಕಲಿಯುವ ಅವಧಿ) ಮಾಡುವ ಬಗ್ಗೆ ಅವೇ ಐದಾರು ಪ್ರಶ್ನೆಗಳು ವರ್ಷ ವರ್ಷವೂ ಬರುತ್ತವೆ. ಒಬ್ಬೊಬ್ಬರಿಗೂ ಬರೆದು ಸಾಕಾಗಿದೆ, ಆದ್ದರಿಂದ ಇಲ್ಲಿ ಎಲ್ಲರಿಗೂ ಒಟ್ಟಿಗೆ ಉತ್ತರಿಸುತ್ತಿದ್ದೇನೆ. ಅರ್ಜಿ ಯಾರಿಗೆ ಕೊಡಬೇಕು, ಯಾವ ನಮೂನೆಯಲ್ಲಿ ಕೊಡಬೇಕು ಎಂಬುದನ್ನು ನಿಮ್ಮ ಕಾಲೇಜಿನ ಕಚೇರಿಯಲ್ಲಿ ಕೇಳಿ.

ಪ್ರಶ್ನೆ: ಎಲೆಕ್ಟಿವ್‌ಗೆ ತುರ್ತು ವಿಭಾಗವನ್ನು ಆರಿಸಿಕೊಳ್ಳಬೇಕೆಂದಿದ್ದೇನೆ. ಎಷ್ಟು ಹೊಲಿಗೆ, ಎಷ್ಟು ಇಂಟ್ಯುಬೇಷನ್ (ಶ್ವಾಸನಾಳಕ್ಕೆ ಕೊಳವೆ ಹಾಕುವುದು) ಮಾಡಲು ಸಿಗುತ್ತದೆ? ಬೆಂಗಳೂರಿನಲ್ಲಿ ಹೆಚ್ಚು ಪ್ರೊಸೀಜರ್ ಸಿಗುವ ಆಸ್ಪತ್ರೆ ಯಾವುದು?

ಈ ಪ್ರಶ್ನೆ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನೀವು ಲೆಕ್ಕ ಹಾಕುತ್ತಿರುವ ಒಂದೊಂದು ಹೊಲಿಗೆಯೂ ಒಬ್ಬ ಮನುಷ್ಯನ ಚರ್ಮದಲ್ಲಿ ಹಾಯಬೇಕು. ನಿಮಗೆ ಇನ್ನೂ ಪದವಿ ಬಂದಿಲ್ಲ, ವೈದ್ಯಕೀಯ ಪರಿಷತ್ತಿನ ತಾತ್ಕಾಲಿಕ ನೋಂದಣಿಯೂ ಆಗಿಲ್ಲ. ಹೊಲಿಗೆ ಕಲಿಯಲು ಮುಂದೆ ಇಂಟರ್ನ್‌ಶಿಪ್ ಇದೆ. ಅದರಲ್ಲಿ ಶಸ್ತ್ರಚಿಕಿತ್ಸೆಗೆ ಆರು ವಾರ, ತುರ್ತು ವಿಭಾಗಕ್ಕೆಂದೇ ಎರಡು ವಾರ ಮೀಸಲಿವೆ. ಶ್ವಾಸನಾಳಕ್ಕೆ ಕೊಳವೆ ಹಾಕುವುದನ್ನು ಮೊದಲು ಬೊಂಬೆಯ ಮೇಲೆ ಕಲಿಯಿರಿ, ಆಮೇಲೆ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ತಜ್ಞರ ಪಕ್ಕದಲ್ಲಿ ನಿಂತು ಕಲಿಯಿರಿ. ಉಸಿರು ನಿಲ್ಲುತ್ತಿರುವ ರೋಗಿಯ ಗಂಟಲಿನಲ್ಲಿ ನಿಮ್ಮ ಮೊದಲ ಪ್ರಯತ್ನ ನಡೆಯಲು ನಾನು ಬಿಡುವುದಿಲ್ಲ.

2019ರ ವೈದ್ಯಕೀಯ ಶಿಕ್ಷಣ ನಿಯಮದಲ್ಲಿ ಎಲೆಕ್ಟಿವ್‌ಗೆ ಎರಡು ತಿಂಗಳಿತ್ತು. 2023ರಲ್ಲಿ ಅದು ಒಂದು ತಿಂಗಳಿಗೆ ಇಳಿಯಿತು. ಅದರಲ್ಲಿ ರೋಗಿಗಳ ನಡುವೆ ಕಳೆಯಲು ಸಿಗುವುದು ಹದಿನೈದು ದಿನ. ಆ ಹದಿನೈದು ದಿನಗಳಲ್ಲಿ ಬೇರೆ ಯಾವ ವಿಭಾಗವೂ ಕಲಿಸಲಾರದ್ದನ್ನು ನಾವು ಕಲಿಸಬಲ್ಲೆವು. ವಾರ್ಡಿಗೆ ಹೋಗುವ ವಿದ್ಯಾರ್ಥಿಗೆ ರೋಗದ ಹೆಸರು ಕೇಸ್ ಶೀಟಿನಲ್ಲೇ ಸಿಗುತ್ತದೆ. ನಮ್ಮ ಬಾಗಿಲಿಗೆ ಬರುವವರು ‘ಸಂಕಟ’ ಎನ್ನುತ್ತಾರೆ, ‘ಸುಸ್ತು’ ಎನ್ನುತ್ತಾರೆ, ‘ಗ್ಯಾಸ್ಟ್ರಿಕ್’ ಎನ್ನುತ್ತಾರೆ. ಹತ್ತು ಜನ ಒಟ್ಟಿಗೆ ಬಂದಾಗ ಅವರಲ್ಲಿ ಯಾರಿಗೆ ಸಮಯವಿಲ್ಲ ಎಂದು ಗುರುತಿಸುವುದೇ ನಮ್ಮ ವಿದ್ಯೆ. ಅದಕ್ಕೆ ಮೊದಲು ಬೇಕಾಗುವುದು ಕಣ್ಣು ಮತ್ತು ಕಿವಿ.

‘ಗ್ಯಾಸ್ಟ್ರಿಕ್’ ಎಂಬ ಮಾತಿಗೆ ನಾನು ಇಷ್ಟು ಹೆದರಲು ಕಾರಣವಿದೆ. ನಾನು ಇಂಟರ್ನ್ ಆಗಿದ್ದಾಗ ಮಾಗಡಿ ಕಡೆಯಿಂದ ಅರುವತ್ತು ದಾಟಿದ ತಾಯಿಯೊಬ್ಬರು ಸಂಜೆ ಹೊತ್ತು ಬಂದಿದ್ದರು. ಸಕ್ಕರೆ ಕಾಯಿಲೆ ಇತ್ತು. ಎದೆನೋವು ಇಲ್ಲ ಎಂದರು. ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ, ಬೆವರು, ಒಂದು ಸಲ ವಾಂತಿ. ಜೊತೆಗಿದ್ದ ಮಗ ‘ಗ್ಯಾಸ್ಟ್ರಿಕ್ ಸಾರ್’ ಎಂದ, ನಾವೂ ಅದನ್ನೇ ಬರೆದುಕೊಂಡೆವು. ರಾನಿಟಿಡಿನ್ ಚುಚ್ಚುಮದ್ದು ಕೊಟ್ಟು ಮನೆಗೆ ಕಳುಹಿಸಲಾಯಿತು. ಬೆಳಗಿನ ಜಾವ ಅದೇ ಮಗ ಅವರನ್ನು ಹೊತ್ತು ತಂದಾಗ ನಾಡಿ ಇರಲಿಲ್ಲ. ಇಸಿಜಿ ಯಂತ್ರ ಆ ಕೋಣೆಯಲ್ಲೇ ಇತ್ತು. ಸಕ್ಕರೆ ಕಾಯಿಲೆ ಇರುವವರಲ್ಲಿ, ವಯಸ್ಸಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೃದಯಾಘಾತ ಎದೆನೋವಿಲ್ಲದೆ ಬರಬಹುದು ಎಂಬುದನ್ನು ನಾವು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆವು. ರೋಗಿ ಎದುರಿಗೆ ಕುಳಿತಾಗ ಅದು ನೆನಪಾಗಲಿಲ್ಲ. ಇಂದು ನನ್ನ ವಿಭಾಗದಲ್ಲಿ ಹೊಕ್ಕುಳಿನಿಂದ ದವಡೆಯವರೆಗೆ ಎಲ್ಲಿ ಸಂಕಟ ಎಂದರೂ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು, ಅದನ್ನು ಓದಬಲ್ಲವರ ಕೈಗೆ ಹೋಗಬೇಕು. ಈಗ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಡಿ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟಪ್ಲೇಸ್ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಗಳನ್ನೂ ತಲುಪುತ್ತಿದೆ. ಆದರೆ ಯಾರೂ ಇಸಿಜಿ ತೆಗೆಯದಿದ್ದರೆ ಆ ಔಷಧ ಕಪಾಟಿನಲ್ಲೇ ಉಳಿಯುತ್ತದೆ.

ಇನ್ನೊಂದು ರಾತ್ರಿಯ ಮಾತು. ಡಿಸೆಂಬರಿನ ಚಳಿ. ಕೆ.ಆರ್. ಮಾರುಕಟ್ಟೆಯ ಹತ್ತಿರ ಫುಟ್‌ಪಾತಿನಲ್ಲಿ ಬಿದ್ದಿದ್ದವನನ್ನು ಆಟೊ ಚಾಲಕರೊಬ್ಬರು ಕರೆತಂದರು. ಬಾಯಲ್ಲಿ ಮದ್ಯದ ವಾಸನೆ. ಕುಡಿದು ಮಲಗಿದ್ದಾನೆ, ಬೆಳಿಗ್ಗೆ ಎದ್ದು ಹೋಗುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ಎಲೆಕ್ಟಿವ್‌ಗೆ ಬಂದಿದ್ದ ಹುಡುಗಿಯೊಬ್ಬಳು ಅವನ ಪಕ್ಕದಲ್ಲೇ ನಿಂತಿದ್ದಳು. ‘ಇಷ್ಟು ಚಳಿಯಲ್ಲಿ ಇವನ ಅಂಗಿ ಏಕೆ ಒದ್ದೆಯಾಗಿದೆ?’ ಎಂದು ಕೇಳಿದಳು. ಸಿಸ್ಟರ್ ಬೆರಳು ಚುಚ್ಚಿ ನೋಡಿದರು. ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದು 34 ಇತ್ತು. ಗ್ಲೂಕೋಸ್ ರಕ್ತಕ್ಕೆ ಹೋದ ಕೆಲವೇ ನಿಮಿಷಗಳಲ್ಲಿ ಅವನು ಕಣ್ಣು ತೆರೆದು ತಾನೆಲ್ಲಿದ್ದೇನೆ ಎಂದು ಕೇಳಿದ. ತಲೆಗೂ ಪೆಟ್ಟಾಗಿರಬಹುದೆಂದು ಸ್ಕ್ಯಾನ್ ಮಾಡಿಸಿದೆವು. ಆ ಹುಡುಗಿ ಹದಿನೈದು ದಿನದಲ್ಲಿ ಒಂದೇ ಒಂದು ಹೊಲಿಗೆ ಹಾಕಲಿಲ್ಲ. ಅವಳ ಲಾಗ್ ಬುಕ್‌ಗೆ (ಕಲಿತದ್ದನ್ನು ದಾಖಲಿಸುವ ಪುಸ್ತಕಕ್ಕೆ) ನಾನು ಸಂತೋಷದಿಂದ ಸಹಿ ಹಾಕಿದೆ.

ಹಾಗಾದರೆ ಬಂದು ಏನು ಮಾಡಬೇಕು? ಮೊದಲ ಎರಡು ದಿನ ಟ್ರಯಾಜ್ ಮೇಜಿನ, ಅಂದರೆ ಯಾರನ್ನು ಮೊದಲು ನೋಡಬೇಕೆಂದು ವಿಂಗಡಿಸುವ ಮೇಜಿನ, ಪಕ್ಕದಲ್ಲಿ ಸಿಸ್ಟರ್ ಜೊತೆ ನಿಲ್ಲಿ. ಕೆಂಪು, ಹಳದಿ, ಹಸಿರು ಎಂದು ಅವರು ವಿಂಗಡಿಸುವ ಮೊದಲು ನೀವು ಮನಸ್ಸಿನಲ್ಲಿ ವಿಂಗಡಿಸಿ, ಎಲ್ಲಿ ತಪ್ಪಿತು ನೋಡಿಕೊಳ್ಳಿ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಇದನ್ನು ನಾನು ಬೇಡಿಕೊಳ್ಳುತ್ತಿದ್ದೇನೆ. ನಾಡಿಯನ್ನು ಯಂತ್ರ ಹೇಳುತ್ತದೆ, ಒತ್ತಡವನ್ನು ಯಂತ್ರ ಹೇಳುತ್ತದೆ. ಉಸಿರನ್ನು ಮಾತ್ರ ಯಾರೂ ಎಣಿಸದೆ ಎಲ್ಲರಿಗೂ ‘20’ ಎಂದು ಬರೆದುಬಿಡುತ್ತಾರೆ. ರೋಗಿ ಕುಸಿಯುವ ಮುಂಚೆ ಬಹಳ ಸಲ ಮೊದಲು ಬದಲಾಗುವುದು ಆ ಸಂಖ್ಯೆಯೇ. ಆಮೇಲೆ ದಿನಕ್ಕೆ ಒಬ್ಬರೇ ರೋಗಿಯನ್ನು ಹಿಡಿದುಕೊಳ್ಳಿ. ಬಾಗಿಲಿನಿಂದ ಸ್ಕ್ಯಾನ್ ಕೋಣೆಗೆ, ಅಲ್ಲಿಂದ ಐಸಿಯುಗೆ ಅಥವಾ ಮನೆಗೆ ಹೋಗುವವರೆಗೆ ಜೊತೆಗಿರಿ. ಮರುದಿನ ಹೋಗಿ ಏನಾಯಿತೆಂದು ಕೇಳಿ. ಮೊದಲು ನೋಡಿದಾಗ ನನಗೆ ಏನೆನಿಸಿತು, ಕೊನೆಗೆ ಏನಾಗಿತ್ತು, ಎಲ್ಲಿ ಎಡವಿದೆ ಎಂದು ಬರೆಯಿರಿ. ‘ನಲವತ್ತು ಕೇಸ್ ನೋಡಿದೆ’ ಎಂದಷ್ಟೇ ಬರೆದ ಲಾಗ್ ಬುಕ್ಕನ್ನು ನಾನು ವಾಪಸ್ ಕೊಡುತ್ತೇನೆ.

ಭಾಷೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೂ ರೋಗಿಯ ಕನ್ನಡ ಗೊತ್ತಿರುವುದಿಲ್ಲ. ‘ತಲೆ ಸುತ್ತು’ ಎಂದವರನ್ನು ಬಿಡಿಸಿ ಕೇಳಬೇಕು. ಮನೆ ಗಿರ್ರನೆ ತಿರುಗಿದಂತಾಯಿತೇ, ಕಣ್ಣು ಕತ್ತಲೆ ಬಂತೇ? ತಿರುಗಿದರೆ ಒಳಕಿವಿ ಅಥವಾ ಕಿರುಮೆದುಳನ್ನು ಯೋಚಿಸಿ. ಕತ್ತಲೆ ಬಂದರೆ ಹೃದಯವನ್ನು, ರಕ್ತಸ್ರಾವವನ್ನು ಯೋಚಿಸಿ. ಇದು ಆರಂಭ ಮಾತ್ರ, ತೀರ್ಪಲ್ಲ. ‘ಕೈ ಜೋಮು ಹಿಡಿದಿದೆ’ ಎಂದವರಿಗೆ ಸ್ಪರ್ಶ ಹೋಗಿದೆಯೋ ಬಲವೇ ಹೋಗಿದೆಯೋ ಎಂದು ಎರಡೂ ಕೈ ಎತ್ತಿಸಿ ನೋಡಿ. ಬಲ ಹೋಗಿದ್ದರೆ ಅದು ಶುರುವಾದ ಗಂಟೆ ಎಷ್ಟು ಎಂಬುದೇ ಮುಂದಿನ ಪ್ರಶ್ನೆ, ಏಕೆಂದರೆ ಮೆದುಳಿನ ಹೆಪ್ಪು ಕರಗಿಸುವ ಔಷಧಕ್ಕೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವಿದೆ. ಲಕ್ವಕ್ಕೆ ಪಾರಿವಾಳದ ರಕ್ತ ಹಚ್ಚುವವರು, ನಾಟಿ ಎಣ್ಣೆ ತಿಕ್ಕುವವರು ಆ ನಾಲ್ಕೂವರೆ ಗಂಟೆಯನ್ನು ಕದಿಯುತ್ತಾರೆ. ಅವರ ಮೇಲೆ ನನಗೆ ಕರುಣೆಯಿಲ್ಲ.

ಇನ್ನು ಆಸ್ಪತ್ರೆ. ಈ ಊರಿನಲ್ಲಿ ತಲೆಗೆ ಪೆಟ್ಟಾದವರು ನಿಮ್ಹಾನ್ಸ್‌ಗೆ, ಮೂಳೆ ಮುರಿದವರು ಸಂಜಯ ಗಾಂಧಿ ಆಸ್ಪತ್ರೆಗೆ, ಎದೆ ಹಿಡಿದುಕೊಂಡವರು ಜಯದೇವಕ್ಕೆ ನೇರವಾಗಿ ಹೋಗುವುದುಂಟು. ಅಲ್ಲಿನ ಕೆಲಸ ದೊಡ್ಡದು, ಆದರೆ ಬಾಗಿಲಿಗೆ ಬರುವ ಹೊತ್ತಿಗೇ ರೋಗಿ ಅರ್ಧ ವಿಂಗಡಣೆಯಾಗಿರುತ್ತಾನೆ. ನಿಮಗೆ ಬೇಕಿರುವುದು ಎಲ್ಲ ಬಗೆಯ ರೋಗಿಗಳೂ ಬರುವ ಸಾಮಾನ್ಯ ಆಸ್ಪತ್ರೆ. ತುರ್ತು ವೈದ್ಯಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವೆಂದು ನಮ್ಮಲ್ಲಿ ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ. ಇಂದಿಗೂ ಹಲವು ಕಡೆ ‘ಕ್ಯಾಶುವಲ್ಟಿ’ ಎಂದರೆ ಚೀಟಿ ಬರೆದು ವಾರ್ಡಿಗೆ ಸಾಗಿಸುವ ಕೋಣೆ. ರಾತ್ರಿ ಎರಡು ಗಂಟೆಗೆ ಈ ವಿಭಾಗದ ತಜ್ಞರು ಸ್ಥಳದಲ್ಲಿ ಇರುತ್ತಾರೆಯೇ ಎಂದು ಕೇಳಿ. ಇರುತ್ತಾರೆ ಎಂದರೆ ಸೇರಿ.

ಪ್ರಶ್ನೆ: ಕಡಿಮೆ ಬಿದ್ದ ಹಾಜರಾತಿಯನ್ನು ಎಲೆಕ್ಟಿವ್ ಅವಧಿಯಲ್ಲಿ ತುಂಬಿಸಿಕೊಳ್ಳಬಹುದೇ?

ಇಲ್ಲ. ನಿಯಮದಲ್ಲೇ ನಿಷೇಧವಿದೆ.

ಪ್ರಶ್ನೆ: ಸಹಿ ಮಾತ್ರ ಹಾಕಿಕೊಟ್ಟರೆ ನೀಟ್ ಪಿಜಿಗೆ ಓದಿಕೊಳ್ಳುತ್ತೇನೆ.

ನನ್ನ ವಿಭಾಗಕ್ಕೆ ಬರಬೇಡಿ.

ಪ್ರಶ್ನೆ: ಸೂಜಿ ಚುಚ್ಚಿಕೊಂಡರೆ ಬೆರಳು ಹಿಂಡಿ ರಕ್ತ ತೆಗೆದು ಸ್ಪಿರಿಟ್ ಹಚ್ಚಿದರೆ ಸಾಕು ಎಂದು ಸೀನಿಯರ್ ಹೇಳಿದರು. ನಿಜವೇ?

ತಪ್ಪು, ಎರಡೂ ತಪ್ಪು. ಹಿಂಡಬೇಡಿ, ಸ್ಪಿರಿಟ್ ಸುರಿಯಬೇಡಿ. ಹರಿಯುವ ನೀರು ಮತ್ತು ಸೋಪಿನಿಂದ ತೊಳೆದು ಆ ಕ್ಷಣವೇ ಡ್ಯೂಟಿ ವೈದ್ಯರಿಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕೆಂದು ಅವರು ನಿರ್ಧರಿಸಿದರೆ ಮೊದಲ ಡೋಸ್ ಎರಡು ಗಂಟೆಯೊಳಗೆ ಆಗುವುದು ಒಳ್ಳೆಯದು. 72 ಗಂಟೆ ದಾಟಬಾರದು, 28 ದಿನ ಬಿಡದೆ ನುಂಗಬೇಕು. ಬೈಯುತ್ತಾರೆಂದು ಮುಚ್ಚಿಟ್ಟು ಮೂರನೇ ದಿನ ಅಳುತ್ತ ಬಂದವರನ್ನು ನೋಡಿದ್ದೇನೆ. ಹೆಪಟೈಟಿಸ್ ಬಿ ಲಸಿಕೆಗೆ ಮೂರು ಡೋಸ್, ಮೊದಲನೆಯದರಿಂದ ಕೊನೆಯದಕ್ಕೆ ಆರು ತಿಂಗಳು. ಎಲೆಕ್ಟಿವ್‌ಗೆ ಎರಡು ವಾರವಿದ್ದಾಗ ನೆನಪಿಸಿಕೊಂಡರೆ ಪ್ರಯೋಜನವಿಲ್ಲ. ಲಸಿಕೆ ಮುಗಿದು ಪ್ರತಿಕಾಯದ ಮಟ್ಟ 10 ಅಥವಾ ಅದಕ್ಕಿಂತ ಹೆಚ್ಚಿದೆ ಎಂಬ ವರದಿ ಇಲ್ಲದವರನ್ನು ನಾನು ಸೇರಿಸಿಕೊಳ್ಳುವುದಿಲ್ಲ. ಅತಿಯಾದ ಎಚ್ಚರಿಕೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ, ಹೇಳಲಿ. ಕನಕಪುರ, ರಾಮನಗರದ ಕಡೆಯಿಂದ ಕೀಟನಾಶಕ ಕುಡಿದವರು ಬಂದಾಗ ಕೈಗವಸಿಲ್ಲದೆ ಅವರ ಬಟ್ಟೆಯನ್ನೂ ಮುಟ್ಟಬೇಡಿ, ವಿಷ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ.

ಪ್ರಶ್ನೆ: ಫಿಟ್ಸ್ ಬಂದವರ ಕೈಗೆ ಮನೆಯವರು ಕೀಲಿಕೈ ಗೊಂಚಲು ಕೊಡುತ್ತಾರೆ. ವಾದ ಮಾಡಬೇಕೇ?

ವಾದಕ್ಕೆ ಸಮಯವಿಲ್ಲ. ರೋಗಿಯನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ತುರುಕಲು ಬಿಡಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟುವಂತಿದ್ದರೆ ಔಷಧ ಸಿದ್ಧವಿರಬೇಕು.

ಪ್ರಶ್ನೆ: ವಿದೇಶದಲ್ಲಿ ತುರ್ತು ವಿಭಾಗದ ಎಲೆಕ್ಟಿವ್ ಕೊಡಿಸುವುದಾಗಿ ಏಜೆಂಟ್ ಒಬ್ಬರು ನಾಲ್ಕು ಲಕ್ಷ ಕೇಳುತ್ತಿದ್ದಾರೆ.

ಕೊಡಬೇಡಿ. ಇವರು ಮಾರುವುದು ಬಹುಪಾಲು ವೀಕ್ಷಣೆಯ ಅವಕಾಶ. ಮೂಲೆಯಲ್ಲಿ ನಿಂತು ನೋಡಿ ಬಂದದ್ದಕ್ಕೆ ಹೊಳೆಯುವ ಕಾಗದದ ಪ್ರಮಾಣಪತ್ರ ಸಿಗುತ್ತದೆ. ಅಮೆರಿಕದಲ್ಲಿ ಈ ವಿಷಯದ ರೆಸಿಡೆನ್ಸಿಗೆ (ಪದವಿಯ ನಂತರದ ತಜ್ಞ ತರಬೇತಿಗೆ) ಸೇರಲು ಬೆಲೆಯಿರುವುದು ತರಬೇತಿ ನಡೆಸುವ ತುರ್ತು ವಿಭಾಗಗಳು ನಿಗದಿತ ನಮೂನೆಯಲ್ಲಿ ಬರೆದುಕೊಡುವ ಮೌಲ್ಯಮಾಪನಕ್ಕೆ. ಖಾಸಗಿ ಕ್ಲಿನಿಕ್‌ನ ಹೊಗಳಿಕೆಯ ಪತ್ರ ಅದರ ಜಾಗದಲ್ಲಿ ನಿಲ್ಲುವುದಿಲ್ಲ. ವಿಶ್ವವಿದ್ಯಾಲಯಕ್ಕೆ ನೀವೇ ನೇರವಾಗಿ ಬರೆಯಿರಿ. ಮೊಬೈಲಿನಲ್ಲಿ ಅರ್ಧ ಗಂಟೆ ವಿಡಿಯೊ ತೋರಿಸಿ ಜೀವರಕ್ಷಣೆಯ ಪ್ರಮಾಣಪತ್ರ ಕೊಡುವವರದೂ ಇದೇ ಜಾತಿಯ ವ್ಯಾಪಾರ. ವಯಸ್ಕರ ಎದೆಯನ್ನು ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತುವುದು ಬೊಂಬೆಯ ಮೇಲೆ ತೋಳು ಸೋಲುವವರೆಗೆ ಮಾಡದೆ ಬರುವುದಿಲ್ಲ.

ಪ್ರಶ್ನೆ: ಮಗಳಿಗೆ ರಾತ್ರಿ ಪಾಳಿ ಬೇಡ ಎಂದು ಬರೆದುಕೊಟ್ಟರೆ ಒಪ್ಪುತ್ತೀರಾ?

ಮಗಳು ವಯಸ್ಕಳು, ಅವಳೇ ಬರೆಯಬೇಕು. ಆದರೆ ನಿಮ್ಮ ಭಯವನ್ನು ನಾನು ತಳ್ಳಿಹಾಕುವುದಿಲ್ಲ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆಸ್ಪತ್ರೆಯೊಳಗೆ ಕರ್ತವ್ಯದಲ್ಲಿದ್ದ ಯುವ ವೈದ್ಯೆಗೆ ಆದದ್ದನ್ನು ನಮ್ಮಲ್ಲಿ ಯಾರೂ ಮರೆತಿಲ್ಲ. ರಾತ್ರಿಯನ್ನೇ ಬಿಟ್ಟರೆ ಈ ವಿಭಾಗದ ಅರ್ಧ ಪಾಠ ಹೋಗುತ್ತದೆ, ಹಾಗಾಗಿ ಸುರಕ್ಷತೆಯನ್ನು ಕೇಳಿ ಪಡೆಯಿರಿ. ಹೆಣ್ಣುಮಕ್ಕಳಿಗೆ ಒಳಗಿನಿಂದ ಚಿಲಕ ಹಾಕುವ ಪ್ರತ್ಯೇಕ ವಿಶ್ರಾಂತಿ ಕೋಣೆ ಇದೆಯೇ? ಅಲ್ಲಿಗೆ ಹೋಗುವ ದಾರಿಯಲ್ಲಿ ಬೆಳಕು, ಕ್ಯಾಮೆರಾ, ಕಾವಲುಗಾರರು ಇದ್ದಾರೆಯೇ? ಪಾಳಿ ಮುಗಿದ ಮೇಲೆ ಹಾಸ್ಟೆಲ್ಲಿಗೆ ವಾಹನವಿದೆಯೇ? ಈ ಮೂರನ್ನು ವಿಭಾಗದ ಮುಖ್ಯಸ್ಥರಿಗೆ ಬರೆದು ಕೇಳಿ. ಬರಹದಲ್ಲೇ ಉತ್ತರ ಕೊಡಲು ಹಿಂಜರಿದರೆ ಬೇರೆ ಆಸ್ಪತ್ರೆ ನೋಡಿ.