ಅಮ್ಮನ ಕೈಚೀಲ ಮಗಳ ತೊಡೆಯ ಮೇಲೆ

ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಗಂಡನ ವೀಸಾದ ಮೇಲೆ ಪರದೇಶಕ್ಕೆ ಬಂದ ಹೆಣ್ಣುಮಗಳು. ಒಂಬತ್ತು ವರ್ಷ ಹೊಡೆತ ತಿಂದು, ಆಶ್ರಯಗೃಹದಲ್ಲಿದ್ದು, ಈಗ ಇಬ್ಬರು ಮಕ್ಕಳೊಂದಿಗೆ ಬಾಡಿಗೆ ಮನೆ ಹಿಡಿದಿದ್ದರು. ಸಲಹೆ ಕೇಳಲು ನನ್ನ ಬಳಿ ಬಂದದ್ದು ಹೊಡೆತದ ವಿಷಯಕ್ಕಲ್ಲ. "ಮಗಳು ನನ್ನ ಮಾತೇ ಕೇಳುವುದಿಲ್ಲ" ಎಂಬ ದೂರು ಹೊತ್ತು.

ಎಂಟು ವರ್ಷದ ಹುಡುಗಿ ಅಮ್ಮನ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೂ ಅವಳದೇ ಉತ್ತರ. ಯಾವ ಕಾಗದ ಎಲ್ಲಿದೆ ಎಂಬುದು ಅವಳಿಗಷ್ಟೇ ಗೊತ್ತು. ಪೊಲೀಸರೆದುರು, ವೈದ್ಯರೆದುರು, ವಕೀಲರೆದುರು ಅಮ್ಮನ ಮಾತನ್ನು ಆ ನೆಲದ ಭಾಷೆಗೆ ತಿರುಗಿಸಿದ್ದೂ ಅವಳೇ. ಅಪ್ಪ ಮಾಡಿದ್ದನ್ನೆಲ್ಲ ಮಗುವಿನ ಬಾಯಿಂದ ಹೇಳಿಸಿದ್ದರು. ಇಷ್ಟಾದ ಮೇಲೆ "ಹೋಗಿ ಮಲಗು" ಎಂದರೆ ಹೇಗೆ ಕೇಳಿಯಾಳು?

ದುಭಾಷಿ ಕೆಲಸದಿಂದ ಮೊದಲು ಮಗಳನ್ನು ಬಿಡಿಸಿ ಎಂದೆ. ಆಸ್ಪತ್ರೆಯಲ್ಲಿ, ನ್ಯಾಯಾಲಯದಲ್ಲಿ ವೃತ್ತಿಪರ ದುಭಾಷಿ ಬೇಕೆಂದು ಕೇಳಿ. ದೂರದ ಊರಿನವರು ಫೋನಿನಲ್ಲಿ ಸಿಕ್ಕರೆ ಇನ್ನೂ ಒಳ್ಳೆಯದು. ನಮ್ಮವರ ಸಣ್ಣ ಬಳಗದಲ್ಲಿ ಹೊಸ ವಿಳಾಸ ಗಂಡನ ಕಿವಿಗೆ ಬೀಳಲು ಒಂದು ಸಂಜೆ ಸಾಕು.

ಆ ಬಳಗದಿಂದ ಸಿಕ್ಕ ಮೊದಲ ನೆರವೆಂದರೆ ಹಿರಿಯರ ರಾಜಿ. "ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗಮ್ಮ" ಎಂದರಂತೆ. ಆ ತಾಯಿ ಮನೆ ಬಿಟ್ಟದ್ದೇ ಮಕ್ಕಳ ಮುಖ ನೋಡಿ! ಬಿಟ್ಟು ಬಂದ ಹೊಸತರಲ್ಲೇ ಅಪಾಯ ಹೆಚ್ಚು, ಇಬ್ಬರನ್ನೂ ಎದುರುಬದುರು ಕೂರಿಸಬೇಡಿ ಎಂದು ಹಿರಿಯರಿಗೂ ಹೇಳಬೇಕಾಯಿತು.

ವೀಸಾ ರದ್ದು ಮಾಡಿಸುತ್ತೇನೆ ಎಂಬ ಗಂಡನ ಬೆದರಿಕೆಯನ್ನು ವಲಸೆ ಕಾನೂನು ಬಲ್ಲ ವಕೀಲರ ಮುಂದಿಡಲು ತಿಳಿಸಿದೆ. ಇಂಥವರಿಗೆ ಸ್ವತಂತ್ರ ವಾಸದ ಅನುಮತಿ ಸಿಗಬೇಕೆಂದು ಹೆಂಗಸರ ಮೇಲಿನ ಹಿಂಸೆ ತಡೆಯಲು ಯುರೋಪಿನಲ್ಲಿ ಆದ 2011ರ ಇಸ್ತಾಂಬುಲ್ ಒಪ್ಪಂದದ 59ನೇ ವಿಧಿಯೇ ಹೇಳುತ್ತದೆ. ಒಪ್ಪಂದದ ಹೊರಗಿನ ಕೆಲವು ದೇಶಗಳಲ್ಲೂ ದಾರಿಗಳಿವೆ.

ನೆರವಿಗೆ ಮೂವರು ಹೆಂಗಸರನ್ನು ಆ ತಾಯಿಯೇ ಆರಿಸಿಕೊಂಡರು. ಒಬ್ಬರು ವಕೀಲರ ಬಳಿಗೆ ಜೊತೆ. ಇನ್ನೊಬ್ಬರು ಮಕ್ಕಳನ್ನು ಶಾಲೆಯಿಂದ ಕರೆತರುವವರು. ಅವರ ಹೆಸರನ್ನು ಶಾಲೆಯ ಪಟ್ಟಿಯಲ್ಲಿ ಬರೆಸಿದೆವು. "ನಾನೇನು ಮಾಡಲಿ?" ಎಂದು ಮೂರನೆಯವರು ಕೇಳಿದರು. "ಗುರುವಾರ ಸಂಜೆ ಹೋಗಿ ಕುಳಿತು ಬನ್ನಿ. ಗಂಡನ ಮಾತೆತ್ತಬೇಡಿ." ಎಲ್ಲರಿಗಿಂತ ಕಷ್ಟದ ಕೆಲಸ ಅವರದೇ ಆಗಿತ್ತೆಂದು ಕಾಣುತ್ತದೆ.

ಆರನೆಯ ಭೇಟಿಯಲ್ಲಿ ಕೈಚೀಲ ಅಮ್ಮನ ತೊಡೆಯ ಮೇಲಿತ್ತು. ಹುಡುಗಿ ಮೂಲೆಯಲ್ಲಿ ತಮ್ಮನೊಡನೆ ಪೆನ್ಸಿಲ್‌ಗಾಗಿ ಜಗಳವಾಡುತ್ತಿದ್ದಳು. ಕಾಗದಕ್ಕಾಗಿ ಅಮ್ಮ ತಡಕಾಡಿದಾಗ ಒಮ್ಮೆ ಕತ್ತೆತ್ತಿ ನೋಡಿದಳು, ಏಳಲಿಲ್ಲ.